ಬುಟ್ಟಿಯ ಕೆಳಗಿನ ಒಲೆ

ನನ್ನ ಹತ್ತಿರ ಇನ್‌ಪ್ಲಾಂಟ್ ಟ್ರೇನಿಂಗಿನ ಎರಡು ಸರ್ಟಿಫಿಕೇಟುಗಳಿವೆ. ಎರಡರಲ್ಲೂ ‘ಅತ್ಯುತ್ತಮ’ ಎಂದು ಬರೆದಿದೆ. ಮೊದಲನೆಯದನ್ನು ನೋಡಿದರೆ ನಗು ಬರುತ್ತದೆ. ಎರಡನೆಯದನ್ನು ನಾನು ನೋಡುವುದೇ ಇಲ್ಲ. ನೌಕರಿಗೆ ಅರ್ಜಿ ಹಾಕುವಾಗ ಝೆರಾಕ್ಸ್ ಅಂಗಡಿಯವನ ಕೈಗೆ ಮಡಚಿದ ಹಾಗೇ ಕೊಟ್ಟು, ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

ಜಮಖಂಡಿಯಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಓದುತ್ತಿದ್ದ ಕಾಲವದು. ನಮ್ಮೂರು ಬನಹಟ್ಟಿ, ಅಪ್ಪ ಮಗ್ಗದವನು. ನಮ್ಮ ಓಣಿಯಿಂದ ಕಂಪ್ಯೂಟರ್ ಕಲಿಯಲು ಹೋದ ಮೊದಲ ಹುಡುಗಿ ನಾನೇ ಎಂದು ಅವ್ವ ನೀರಿಗೆ ಹೋದಲ್ಲೆಲ್ಲ ಹೇಳಿ ಬರುತ್ತಿದ್ದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನಾನು ಹಾಡಹಗಲೇ ಹಿಡಿದುಕೊಂಡು ತಿರುಗುತ್ತಿದ್ದೆ, ವ್ಯತ್ಯಾಸ ಅಷ್ಟೇ.

ಮೊದಲ ಟ್ರೇನಿಂಗ್ ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ. ಅಲ್ಲಿ ಕಂಪ್ಯೂಟರ್ ಇದ್ದದ್ದು ಗಾಜಿನ ಕೋಣೆಯಲ್ಲಿ, ಅದಕ್ಕೊಂದು ಹೊದಿಕೆ, ಕೋಣೆಗೊಂದು ಕೀಲಿ. ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಹೊದಿಕೆ ತೆಗೆಯುವುದು, ಸಂಜೆ ಮತ್ತೆ ಹೊದಿಸುವುದು, ಇಷ್ಟೇ ನಮ್ಮ ಕೆಲಸ. ನಡುವೆ ಕುಳಿತು ಹೊರಗೆ ಸಾಲುಗಟ್ಟಿ ನಿಂತ ಕಬ್ಬಿನ ಗಾಡಿಗಳನ್ನು ನೋಡುತ್ತಿದ್ದೆವು. ದಿನಚರಿ ಪುಸ್ತಕದಲ್ಲಿ ಮಾತ್ರ ನಾನು ದಿನವೂ ‘ಸಿಸ್ಟಂ ನಿರ್ವಹಣೆ’ ಎಂದು ದುಂಡಗೆ ಬರೆದೆ. ಕಾಲೇಜಿನ ಮೇಷ್ಟ್ರು ಓದಿ ಮೆಚ್ಚಿಕೊಂಡರು. ನಡೆದದ್ದು ಬೇರೆ, ಬರೆದದ್ದು ಬೇರೆ, ಅಂಕ ಬರುವುದು ಬರೆದದ್ದಕ್ಕೆ ಎಂಬ ಒಂದೇ ಪಾಠವನ್ನು ನಾನು ಅಲ್ಲಿ ಚೆನ್ನಾಗಿ ಕಲಿತೆ.

ಎರಡನೆಯದು ಬೀಳಗಿಯಲ್ಲಿ. ಸೋದರತ್ತೆಯ ಮನೆ ಅಲ್ಲಿತ್ತು, ಆದ್ದರಿಂದ ಅಪ್ಪ ಒಪ್ಪಿದ. ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಒಂದು ಸಣ್ಣ ಕಂಪ್ಯೂಟರ್ ಕೇಂದ್ರ. ಮೊದಲು ಅದು ಟೈಪಿಂಗ್ ಕಲಿಸುವ ಜಾಗವಾಗಿತ್ತು. ಮಾಲೀಕರು ಟೈಪ್‌ರೈಟರ್‌ಗಳನ್ನು ಮೂಲೆಗೆ ಸರಿಸಿ ಎರಡು ಕಂಪ್ಯೂಟರ್ ತಂದಿಟ್ಟಿದ್ದರು. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ವರ್ಷಗಳವು. ಹೊಳೆದಂಡೆಯ ಊರುಗಳು ಒಂದೊಂದಾಗಿ ಮೇಲಿನ ಬಯಲಿಗೆ ಎದ್ದು ಹೋಗಬೇಕಿತ್ತು. ಹೊಸ ಊರಿನಲ್ಲಿ ಯಾರಿಗೆ ಪ್ಲಾಟು ಎಂಬ ಪಟ್ಟಿಗೆ ಮನೆಮನೆಯ ವಿವರ ಬೇಕು. ಅಂಥ ಒಂದು ಊರಿನ ವಿವರ ಬರೆದು ತಂದು ಕಂಪ್ಯೂಟರಿಗೆ ಹಾಕಿ, ಫ್ಲಾಪಿಯಲ್ಲಿ ಕೊಡುವ ಕೆಲಸ ನಮ್ಮ ಮಾಲೀಕರಿಗೆ ಸಿಕ್ಕಿತ್ತು.

ಆ ಫಾರ್ಮಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಲೆಯ ಲೆಕ್ಕ. ಒಂದು ಸೂರಿನ ಕೆಳಗೆ ಅಣ್ಣ ತಮ್ಮಂದಿರು ಎಷ್ಟೇ ಜನರಿರಲಿ, ಒಲೆ ಬೇರೆಯಿದ್ದರೆ ಸಂಸಾರ ಬೇರೆ; ಸಂಸಾರ ಬೇರೆಯಿದ್ದರೆ ಪ್ಲಾಟೂ ಬೇರೆ. ನಮಗೆ ತಿಳಿಸಿದ್ದು ಹೀಗೆ. ಒಲೆ ಇರುವುದು ಅಡುಗೆಮನೆಯಲ್ಲಿ, ಪರ ಗಂಡಸರು ಅಲ್ಲಿಗೆ ಹೋಗುವಂತಿಲ್ಲ. ಅದಕ್ಕೇ ಮಾಲೀಕರು ನನ್ನನ್ನು ಕಳಿಸಿದರು.

“ನೀ ಹೆಣಮಗಳ ಅದಿ, ಸೀದಾ ಒಳಗ ಹೋಗಬಹುದು,” ಎಂದರು. “ಯಜಮಾನ ಹೇಳಿದ್ದ ಒಂದ ಕಡೆ ಬರಿ, ನೀ ಕಂಡದ್ದ ಇನ್ನೊಂದ ಕಡೆ ಬರಿ.”

ಹೀಗೆ ಫಾರ್ಮಿನಲ್ಲಿ ಎರಡು ಖಾನೆ: ‘ಹೇಳಿದ್ದು’, ‘ಕಂಡದ್ದು’. ಇವನ್ನು ನೋಡಿ ನನಗೊಂದು ಜಾಣತನ ಹೊಳೆಯಿತು. ಎರಡೂ ಅಂಕಿ ಒಂದೇ ಆಗಿದ್ದರೆ ಮಾತ್ರ ಕಂಪ್ಯೂಟರ್ ಫಾರ್ಮನ್ನು ಒಪ್ಪಿಕೊಳ್ಳಬೇಕು, ಬೇರೆ ಬೇರೆಯಾದರೆ ‘ಕುಂಯ್’ ಎಂದು ಕೂಗಿ ಅದನ್ನು ತಪ್ಪಿನ ಪಟ್ಟಿಗೆ ತಳ್ಳಬೇಕು. ಹಾಗೆ ಪ್ರೋಗ್ರಾಮ್ ಬರೆದೆ. ತಪ್ಪಿನ ಪಟ್ಟಿಗೆ ಬಿದ್ದ ಮನೆಗೆ ಮತ್ತೊಮ್ಮೆ ಹೋಗಿ ವಿಚಾರಿಸಿ ಬರುವುದು. ಮಾಲೀಕರಿಗೆ ಬಹಳ ಹಿಡಿಸಿತು. ನನ್ನ ಕಾಲೇಜಿನ ಪ್ರಾಜೆಕ್ಟೂ ಅದೇ ಆಯಿತು.

ಫಾರ್ಮಿನ ಸುದ್ದಿ ನಮಗಿಂತ ಮೊದಲೇ ಆ ಊರನ್ನು ಮುಟ್ಟಿತ್ತು. ನಾನು ಹೋಗುವಷ್ಟರಲ್ಲಿ ಮನೆಮನೆಗಳಲ್ಲಿ ಒಲೆಗಳು ಹುಟ್ಟಿಕೊಂಡಿದ್ದವು. ಪಡಸಾಲೆಯಲ್ಲೊಂದು, ಹಿತ್ತಲಲ್ಲೊಂದು, ಜೋಳದ ಚೀಲಗಳ ಸಂದಿಯಲ್ಲೊಂದು. ಕೆಲವಕ್ಕೆ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು. ಒಂದು ಮನೆಯಲ್ಲಿ ಐದು ಒಲೆ ತೋರಿಸಿದರು. ಐದನೆಯದರಲ್ಲಿ ಕೋಳಿಯೊಂದು ಕಾವಿಗೆ ಕುಳಿತಿತ್ತು. ಸಂಜೆ ಮಾಲೀಕರಿಗೆ ಹೇಳಿದೆ. ಅವರು ನಕ್ಕುಬಿಟ್ಟರು.

“ಒಲಿ ಕಂಡಿತೋ ಇಲ್ಲೋ? ಕಂಡ್ರ ಬರಿ. ಉರಿ ಹಚ್ಚಿ ನೋಡಂತ ಫಾರ್ಮಿನ್ಯಾಗ ಎಲ್ಲಿ ಹೇಳ್ಯಾರ?”

ಹೇಳಿದ್ದು ಐದು, ಕಂಡದ್ದು ಐದು. ಕಂಪ್ಯೂಟರ್ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡಿತು.

ಊರಿನ ತುದಿಯಲ್ಲಿ ಕುರಿ ಸಾಕುವವರ ಮನೆಯೊಂದಿತ್ತು. ಅಂಗಳದಲ್ಲಿ ಕಂಬಳಿ ಹಾಸಿಕೊಂಡು ಮನೆಯ ಯಜಮಾನ ಕುಳಿತಿದ್ದರು. ಬೀರೇಶ್ವರನಿಗೆ ನಡೆದುಕೊಳ್ಳುವ ಹಿರಿಯರು. ಊರಲ್ಲಿ ಅಣ್ಣ ತಮ್ಮಂದಿರು ಜಗಳಾಡಿ ಬೇರೆಯಾಗಲು ಹೊರಟರೆ, ಬುದ್ಧಿ ಹೇಳಿ ಮತ್ತೆ ಕೂಡಿಸಲು ಇವರನ್ನೇ ಕರೆಯುತ್ತಾರೆ ಎಂದು ಪಕ್ಕದ ಮನೆಯವರು ನನಗೆ ಮೊದಲೇ ಹೇಳಿದ್ದರು. ಅಜ್ಜ ನನ್ನ ಹಣೆಗೆ ದೇವರ ಅರಿಸಿನದ ಭಂಡಾರ ಹಚ್ಚಿ, ಯಾರ ಪೈಕಿ, ಯಾವ ಊರು ಎಂದೆಲ್ಲ ಕೇಳಿ ಕೂರಿಸಿದರು. ಅವರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ಮದುವೆಯಾಗಿ ಮಕ್ಕಳಿದ್ದವು. ಕಿರಿಯವನು ಕುರಿ ಹೊಡೆದುಕೊಂಡು ದೂರದ ಊರಿಗೆ ಹೋಗಿದ್ದ.

“ಒಲಿ ಎಷ್ಟ ಅದಾವ್ರಿ ಅಜ್ಜಾರ?” ಎಂದು ಕೇಳಿದೆ.

“ಒಂದ. ನಮ್ಮ ಮನಿ ಒಡದಿಲ್ಲವ್ವಾ.”

“ಒಲಿ ಎಷ್ಟ ಇರ್ತಾವೋ ಅಷ್ಟ ಪ್ಲಾಟ ಕೊಡ್ತಾರಂತ್ರಿ.”

ಅಜ್ಜ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಭಂಡಾರದ ಚೀಲದ ದಾರ ಬಿಗಿದು ಪಕ್ಕಕ್ಕಿಟ್ಟು ಹೇಳಿದರು: “ಗೊತ್ತೈತಿ. ಪ್ಲಾಟಿನ ಆಸೇಕ್ಕ ನನ್ನ ಮನಿ ಒಡದೈತಿ ಅಂತ ಬರಸಲೇನು? ನಾಳೆ ಮಂದಿ ಮನಿ ಕೂಡಸಾಕ ಯಾ ಮಾರಿ ಇಟಗೊಂಡ ಹೋಗ್ಲಿ? ಒಂದ ಅಂತ ಬರಕೋ.”

‘ಹೇಳಿದ್ದು’ ಖಾನೆಯಲ್ಲಿ ಒಂದು ಎಂದು ಬರೆದು ಒಳಗೆ ಹೋದೆ. ಅಡುಗೆಮನೆಯಲ್ಲಿ ಹಿರಿ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿ ಒಂದೇ ಒಲೆ. ಹೊರಡಬೇಕೆಂದಾಗ ದನ ಕಟ್ಟುವ ಜಾಗದ ಆಚೆ, ಗೋಡೆಗೆ ಒರಗಿ ನಿಂತಿದ್ದ ಕಿರಿ ಸೊಸೆ ಕಂಡಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಸೆರಗು ಹಣೆಯವರೆಗೆ ಬಂದಿತ್ತು. ಅಂಗಳದಲ್ಲಿ ಮಾವ ಕುಳಿತಿರುವಾಗ ಆಕೆ ಬಾಯಿ ಬಿಡುವಂತಿರಲಿಲ್ಲ. ಅವಳ ಕಾಲ ಬಳಿ ಸಗಣಿ ಹೊರುವ ಬುಟ್ಟಿಯೊಂದು ಬೋರಲು ಬಿದ್ದಿತ್ತು. ನನ್ನನ್ನು ನೋಡುತ್ತಲೇ ಆಕೆ ಕಾಲಿನಿಂದ ಆ ಬುಟ್ಟಿಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು.

ಕೆಳಗೆ ಒಲೆ. ಬಳಸಿ ಬಳಸಿ ಕರಿಗಟ್ಟಿದ್ದ, ಅಂಚು ಸವೆದಿದ್ದ ಒಲೆ. ಬೂದಿಯಲ್ಲಿ ಇನ್ನೂ ಕೆಂಡ ಇತ್ತು, ಬುಟ್ಟಿಯ ಅಂಚು ಸೀದು ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಒಂದು ನುಚ್ಚಿನ ಗಡಿಗೆ, ನಾಲ್ಕು ತಾಟು. ಊರೆಲ್ಲ ತಿರುಗಿ ಉರಿಯದ ಒಲೆಗಳನ್ನು ಬರೆದುಕೊಂಡು ಬಂದ ನನಗೆ ಉರಿಯುವ ಒಲೆಯನ್ನು ಮುಚ್ಚಿಟ್ಟ ಮನೆ ಅದೊಂದೇ ಸಿಕ್ಕಿತು.

ಆಕೆ ಎರಡು ಬೆರಳು ತೋರಿಸಿದಳು. ನಾನು ತಲೆಯಾಡಿಸಿದೆ. ಆಕೆಗೆ ಕಾಣುವ ಹಾಗೆಯೇ ‘ಕಂಡದ್ದು’ ಖಾನೆಯಲ್ಲಿ ಎರಡು ಎಂದು ಬರೆದೆ. ಆಕೆ ಬುಟ್ಟಿಯನ್ನು ಮತ್ತೆ ಒಲೆಯ ಮೇಲೆ ಎಳೆದುಕೊಂಡಳು.

ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇಲ್ಲಿಗೇ ಈ ಬರಹ ಮುಗಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನಿಸುತ್ತದೆ.

ಮುಂದಿನ ವಾರವೆಲ್ಲ ಫಾರ್ಮುಗಳನ್ನು ಕಂಪ್ಯೂಟರಿಗೆ ಹಾಕಿದೆ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಬಂದಾಗೆಲ್ಲ ನಾನು ಕೀಲಿಮಣೆಯ ಮುಂದೆ. ಹಸಿ ಮಣ್ಣಿನ ಒಲೆಗಳು, ಕೋಳಿ ಕುಳಿತ ಒಲೆಗಳು ಎಲ್ಲವೂ ಸರಾಗವಾಗಿ ಒಳಗೆ ಹೋದವು. ಕಾಲೇಜಿನ ಮೇಷ್ಟ್ರು ಮರುದಿನ ಕೆಲಸ ನೋಡಲು ಬರುವವರಿದ್ದರು. ಕೊನೆಯ ಕಟ್ಟಿನಲ್ಲಿ ಆ ಮನೆಯ ಫಾರ್ಮು ಬಂತು. ಹೇಳಿದ್ದು ಒಂದು, ಕಂಡದ್ದು ಎರಡು. ಕಂಪ್ಯೂಟರ್ ಕೂಗಿತು. ಪರದೆಯ ಮೇಲೆ ‘ತಪ್ಪು: 1’ ಎಂದು ಬಂತು.

ಇಡೀ ಊರಿಗೆ ಅದೊಂದೇ ತಪ್ಪು. ಯಾಕೆ ಕೂಗುತ್ತಿದೆ ಎಂದು ನನಗೆ ಗೊತ್ತಿತ್ತು, ಕೂಗಲು ಕಲಿಸಿದವಳೇ ನಾನು. ಆ ಫಾರ್ಮನ್ನು ಮರುವಿಚಾರಣೆಗೆ ಎತ್ತಿಡಬೇಕಿತ್ತು. ಆದರೆ ಪರದೆಯ ಮೇಲೆ ಸೊನ್ನೆ ಇದ್ದರೆ ಎಷ್ಟು ಚೆಂದ ಎಂಬ ಆಸೆ ನನಗೆ. ಆ ಊರಿಗೆ ಮತ್ತೆ ಬಿಸಿಲಲ್ಲಿ ಹೋಗಬೇಕಲ್ಲ ಎಂಬ ಸೋಮಾರಿತನವೂ ಇತ್ತು. ಅಜ್ಜನೇ ಒಂದು ಎಂದ ಮೇಲೆ ನನ್ನದೇನು ನಡುವೆ ಎಂದು ಮನಸ್ಸು ಒಂದು ನೆಪವನ್ನೂ ಹುಡುಕಿಕೊಟ್ಟಿತು. ಮಾಲೀಕರು ಚಹಕ್ಕೆ ಹೋಗಿದ್ದರು. ಯಾರೂ ನನಗೆ ಹೀಗೆ ಮಾಡು ಎಂದು ಹೇಳಲಿಲ್ಲ. ಎರಡನ್ನು ಅಳಿಸಿ ಒಂದು ಎಂದು ಒತ್ತಿದೆ. ಕಂಪ್ಯೂಟರ್ ಸುಮ್ಮನಾಯಿತು. ‘ತಪ್ಪು: 0’ ಎಂದು ತೋರಿಸಿತು. ನಾನು ಖುಷಿಯಿಂದ ಚಟಪಟ ನೆಟಿಗೆ ಮುರಿದುಕೊಂಡು ಎದ್ದೆ.

ಮರುದಿನ ಮೇಷ್ಟ್ರು ಬಂದು ಸೊನ್ನೆ ನೋಡಿ ಬೆನ್ನು ತಟ್ಟಿದರು. ಅದರ ಮರುದಿನ ಬೀಳಗಿಯ ಸಂತೆ.

ಮಧ್ಯಾಹ್ನ ಕೆಲಸವಿಲ್ಲದೆ ಕುಳಿತಿದ್ದೆ. ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ತಲೆಯೆತ್ತಿದರೆ ಆ ಕಿರಿ ಸೊಸೆ. ಕೆಳಗೆ ರಸ್ತೆಯಲ್ಲೇ ಚಪ್ಪಲಿ ಬಿಟ್ಟು ಬಂದಿದ್ದಳು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ಕುಳಿತಳು. ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ ಕಾಳನ್ನು ನನ್ನ ಮುಂದೆ ಸುರಿದಳು. ಆಕೆಯ ಧ್ವನಿ ನಾನು ಕೇಳಿದ್ದು ಆವತ್ತೇ ಮೊದಲು.

“ಸಂತಿಗಂತ ಹೇಳಿ ಬಂದೇನಿ ತಂಗಿ. ಮಾವಗ ಗೊತ್ತಿಲ್ಲ. ನಮ್ಮದ ಬ್ಯಾರೆ ಒಲಿ ಅಂತ ಬರದಿಯಲಾ?”

ಆಕೆ ನನ್ನ ಮುಖ ನೋಡದೆ ಶೇಂಗಾದ ಸಿಪ್ಪೆ ಊದುತ್ತ ಮಾತು ಮುಂದುವರಿಸಿದಳು: “ಮೂರ ವರ್ಷ ಆತು, ನಾ ಬ್ಯಾರೆ ಕುದಸಾಕ ಹತ್ತಿ. ಆ ಹಿರಿ ಸೊಸಿ, ನನ್ನ ನೆಗೆಣ್ಣಿಗೂ ನನಗೂ ಕೂಡೂದಿಲ್ಲ. ತಪ್ಪ ಯಾರದ ಅಂತ ನಾ ಹೇಳಾಕ ಬಂದಿಲ್ಲ. ಅಲ್ಲಿ ಹೋದ ಮ್ಯಾಲರೆ ನನಗೊಂದು ಬಾಗಲಾ ಇದ್ರ ಸಾಕು. ಯಾರರೆ ಬಂದ್ರ ಬುಟ್ಟಿ ಮುಚ್ಚೂದು ಬ್ಯಾಸರ ಆಗೈತಿ ತಂಗಿ.”

ಫ್ಲಾಪಿಗಳು ಇನ್ನೂ ನನ್ನ ಮೇಜಿನ ಮೇಲೇ ಇದ್ದವು. ಮರುದಿನ ಬೆಳಿಗ್ಗೆ ಹೋಗುವುದಿತ್ತು. ಕಂಪ್ಯೂಟರ್ ಚಾಲೂ ಇತ್ತು, ಕರೆಂಟೂ ಇತ್ತು. ಒಂದು ಅಂಕಿ ಅಳಿಸಿ ಇನ್ನೊಂದು ಒತ್ತಲು ಎಷ್ಟು ಹೊತ್ತು? ಶೇಂಗಾ ಬಾಯಿಗೆ ಹಾಕಿಕೊಂಡಷ್ಟೇ ಹೊತ್ತು. ಆದರೆ ಒತ್ತಿದರೆ ಸೊನ್ನೆ ಹೋಗಿ ಒಂದು ಬರುತ್ತದೆ. ಮೇಷ್ಟ್ರು ಆ ಸೊನ್ನೆಯ ಪ್ರಿಂಟ್ ತೆಗೆದುಕೊಂಡು ಹೋಗಿಯಾಗಿತ್ತು. ಯಾಕೆ ಬದಲಾಯಿತು ಎಂದು ಕೇಳಿದರೆ ಮೊದಲು ತಿದ್ದಿದ್ದು ಹೊರಗೆ ಬೀಳುತ್ತದೆ. ಇದೆಲ್ಲ ನನ್ನ ತಲೆಯಲ್ಲಿ ಸರಸರ ಓಡಿತು. ನನ್ನ ತಲೆ ಅಷ್ಟು ಚುರುಕಾಗಿ ಓಡಿದ್ದು ಯಾವ ಪರೀಕ್ಷೆಯಲ್ಲೂ ಇಲ್ಲ.

“ಬರದೇನ್ರಿ ಅಕ್ಕಾ,” ಎಂದೆ. “ನಿಮ್ಮ ಮುಂದ ಬರದಿಲ್ಲೇನ್ರಿ?”

ಹಾಳೆಯ ಮೇಲೆ ಬರೆದದ್ದು ಖರೆ ಇತ್ತು. ಆ ಅರ್ಧ ಖರೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಾನು ಪೂರ್ತಿ ಸುಳ್ಳನ್ನು ದಾಟಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಛಲೋ ಆತು. ಬರಿಯೂದ ನೋಡಿದ್ನಿ, ಆದರ ಓದಾಕ ಬರೂದಿಲ್ಲಲಾ ನನಗ, ಅದಕ್ಕ ಕೇಳಿದ್ನಿ. ಸಿಟ್ಟಾಗಬ್ಯಾಡ.”

ಮೆಟ್ಟಿಲಿಳಿದು ಹೋದಳು. ಶೇಂಗಾವನ್ನು ನಾನೂ ಮಾಲೀಕರೂ ಸೇರಿ ತಿಂದೆವು. ಮರುದಿನ ಬೆಳಿಗ್ಗೆ ಫ್ಲಾಪಿಗಳು ಹೋದವು.

ಅತ್ತೆಯ ಮನೆಯಲ್ಲಿ ಸಂತೆಯ ದಿನ ಸಂಜೆ ನನಗೆ ಊಟ ಸೇರಿರಲಿಲ್ಲ. ಏನಾಯಿತು ಎಂದು ಅತ್ತೆ ಕೇಳಿದರು. ಶೇಂಗಾ ಜಾಸ್ತಿ ತಿಂದೆ ಎಂದೆ. ಅದೂ ಅರ್ಧ ಖರೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಒಂದು ಕಠಿಣ ಪ್ರಶ್ನೆ ಕೇಳಿದರು: ನಿನ್ನ ಮಾಹಿತಿ ಸರಿಯಾಗಿದೆ ಎಂದು ಹೇಗೆ ಹೇಳುತ್ತೀ? ಎರಡೂ ಖಾನೆ ಹೊಂದಿದರೆ ಮಾತ್ರ ಕಂಪ್ಯೂಟರ್ ಒಪ್ಪುತ್ತದೆ ಸರ್, ಎಂದೆ. ಅವರು ತಲೆದೂಗಿ ಬರೆದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಕೇಳದೆ ಇದ್ದರೂ ‘ಎಲ್ಲ ಫಾರ್ಮನ್ನೂ ನಾನೇ ತಾಳೆ ನೋಡೇನಿ ಸರ್’ ಎಂದು ಮತ್ತೊಂದು ಸೇರಿಸಿದೆ. ಆ ಪ್ರಾಜೆಕ್ಟಿಗೆ ಬಂದಷ್ಟು ಅಂಕ ನನಗೆ ಬೇರೆ ಯಾವುದಕ್ಕೂ ಬರಲಿಲ್ಲ.

ಎಂಟೊಂಬತ್ತು ವರ್ಷ ಕಳೆದವು. ನಾನು ಕಂಪ್ಯೂಟರ್ ಕಲಿಸುವ ಮೇಷ್ಟ್ರಾದೆ. ಟ್ರೇನಿಂಗಿಗೆ ಹೋದ ಹುಡುಗ ಹುಡುಗಿಯರ ದಿನಚರಿಗೆ ಸಹಿ ಹಾಕುವುದು ಈಗ ನನ್ನ ಕೆಲಸ. ‘ಸಿಸ್ಟಂ ನಿರ್ವಹಣೆ’ ಎಂದು ದುಂಡಗೆ ಬರೆದು ತಂದವರನ್ನು ಕರೆದು, ಹೊದಿಕೆ ಯಾರು ತೆಗೀತಿದ್ರಿ ಎಂದು ಕೇಳುತ್ತೇನೆ. ನಾನು ಬಹಳ ಕಟ್ಟುನಿಟ್ಟು ಎಂದು ಮಕ್ಕಳು ಆಡಿಕೊಳ್ಳುತ್ತಾರೆ. ಒಂದು ಬೇಸಿಗೆಯಲ್ಲಿ ಹಾಗೇ ಒಬ್ಬ ವಿದ್ಯಾರ್ಥಿನಿಯ ಕೆಲಸ ನೋಡಲು ಬೀಳಗಿ ಕಡೆ ಹೋಗಿ, ಹಿಂದಿರುಗುವ ಬಸ್ಸಿಗೆ ಒಂದು ಪುನರ್ವಸತಿ ಊರಿನ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಅದು ಯಾವ ಊರು ಎಂದು ಫಲಕ ಓದಿದ ಕೂಡಲೇ ನನಗೆ ಗೊತ್ತಾಯಿತು. ಫಲಕಕ್ಕೆ ಬೆನ್ನು ಮಾಡಿ ನಿಂತೆ.

“ನೀ ಒಲಿ ಎಣಸಾಕ ಬಂದಾಕಿ ಅಲ್ಲೇನ?”

ಆಕೆಯೇ. ತಲೆಯ ಮೇಲೆ ಮೇವಿನ ಹೊರೆ ಇತ್ತು, ಸೆರಗು ಹಣೆಯಿಂದ ಹಿಂದಕ್ಕೆ ಸರಿದಿತ್ತು. ಮಾವ ತೀರಿಕೊಂಡು ಎರಡು ವರ್ಷವಾಯಿತೆಂದಳು. ಬಸ್ಸು ಬರುತ್ತದೆ ಎಂದರೂ ಬಿಡಲಿಲ್ಲ. ಇನ್ನೊಂದು ಬಸ್ಸು ಬರುತ್ತದೆ ಬಾ ಎಂದು ಕೈ ಹಿಡಿದು ನಡೆಸಿಕೊಂಡು ಹೋದಳು.

ಒಂದೇ ಪ್ಲಾಟು. ಎದುರಿಗೆ ಆಕೆಯ ಭಾವನ ಎರಡು ಕೋಣೆಯ ಮನೆ. ಅದರ ಮಗ್ಗುಲಿಗೆ ಹಾದು ಹಿಂದೆ ಹೋದರೆ ಕಾಂಪೌಂಡ್ ಗೋಡೆಗೆ ತಗಡು ಇಳಿಬಿಟ್ಟ ಒಂದು ಶೆಡ್ಡು. ಬಾಗಿಲಿರಲಿಲ್ಲ, ಗೋಣಿತಾಟಿನ ಪರದೆ ಇತ್ತು. ಒಳಗೆ ಆಕೆಯ ಸಂಸಾರ, ಮೂಲೆಯಲ್ಲಿ ಒಲೆ. ಬಗ್ಗಿ ಒಳಗೆ ಹೋಗಿ ಕುಳಿತೆ. ಆಕೆ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಬಡಿಯುತ್ತಲೇ ಹೇಳಿದಳು.

“ಪಟ್ಟಿ ಬಂದಾಗ ನಮ್ಮ ಹೆಸರ ಇರಲಿಲ್ಲ. ಆಫೀಸಿಗೆ ಹ್ವಾದ್ನಿ, ಒಂದ ಸಲ ಅಲ್ಲ, ಚಪ್ಪಲಿ ಹರಿಯೂತನ. ಆ ಹುಡುಗಿ ನನ್ನ ಕಣ್ಣ ಮುಂದ ಎರಡು ಅಂತ ಬರದಾಳ, ಹಾಳಿ ತಗದ ನೋಡ್ರಿ ಅಂತ ಜಗಳಾಡಿದ್ನಿ. ಹಾಳಿ ಸಿಗೂದಿಲ್ಲ, ಕಂಪ್ಯೂಟರಿನ್ಯಾಗ ಒಂದ ಐತಿ ಅಂದ್ರು. ಕಂಪ್ಯೂಟರ್ ಸುಳ್ಳ ಹೇಳೂದಿಲ್ಲಂತ.”

ನಾನು ತಾಟಿನಲ್ಲಿದ್ದ ರೊಟ್ಟಿ ಮುರಿದೆ.

“ನಮ್ಮ ಮನಿಯವ್ರೂ ಅದನ್ನ ಅಂದ್ರು. ಆ ಹುಡುಗೀನ ನಿನಗ ಸುಳ್ಳ ಹೇಳಿರಬೇಕ ಅಂದ್ರು. ನಾ ಅವರ್ನ ಬೈದ್ನಿ. ಊರ ಮಂದಿ ಎಲ್ಲಾ ಸುಳ್ಳ ಒಲಿ ಬರಿಸಿದ್ರು, ಖರೆ ಒಲಿ ಬರದಾಕಿ ಆಕಿ ಒಬ್ಬಾಕಿ, ಆಕಿಗೆ ಏನೂ ಅನಬ್ಯಾಡ್ರಿ ಅಂದ್ನಿ. ಈಗೂ ಯಾರರೆ ಕೇಳಿದ್ರ ಹಂಗ ಹೇಳ್ತೇನಿ.” ಒಲೆ ಊದಿ, ಹೊಗೆಗೆ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿ ನಕ್ಕಳು. “ನೀ ಬರದಿದ್ದಿ. ಮ್ಯಾಲಿನವ್ರು ಯಾರೋ ಅಳಿಸಿದ್ರು. ನಿಂದೇನ ತಪ್ಪ?”

ಈಗ ಹೇಳಬೇಕು ಎಂದುಕೊಂಡೆ. ಹೇಳಿದರೆ ಪ್ಲಾಟು ಬರುವುದಿಲ್ಲ, ನಿಜ. ಆದರೆ ಇಷ್ಟು ವರ್ಷ ಗಂಡನ ಜೊತೆ, ಆಫೀಸಿನವರ ಜೊತೆ ನನ್ನ ಪರವಾಗಿ ಆಡಿದ ಜಗಳವನ್ನಾದರೂ ಆಕೆ ನಿಲ್ಲಿಸಬಹುದಿತ್ತು. ಬೈಯಬಹುದಿತ್ತು. ತಾಟು ಕಸಿದುಕೊಂಡು ಏಳು ಎನ್ನಬಹುದಿತ್ತು. ಅದೆಲ್ಲ ನನಗೆ ಸಲ್ಲಬೇಕಾದದ್ದೇ. ರೊಟ್ಟಿ ಕೆಳಗಿಟ್ಟು, ಆಕೆಯ ಕಡೆ ತಿರುಗಿ, ಅಕ್ಕಾ ಎಂದು ಬಾಯಿ ತೆರೆದೆ.

ಆಕೆ ಇನ್ನೊಂದು ಬೇಕೇನೋ ಎಂದು ತಿಳಿದು, ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.

ನಾನು ಅದನ್ನು ತಿಂದೆ.